ಮಂಜುಳಾಗೆ ನಾನು ಕೊಟ್ಟ ಪರೀಕ್ಷೆ

ಇವತ್ತು ಬೆಳಿಗ್ಗೆ ನನ್ನ ಡಿಗ್ರಿ ಸರ್ಟಿಫಿಕೇಟಿನ ಫೈಲು ಬಿಚ್ಚಿದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ಹಾಳೆಯೂ ಜಾರಿ ಬಿತ್ತು. ಮೇಲೆ ನನ್ನದೇ ಅಕ್ಷರ: ಒಟ್ಟು ಅಂಕ ಐವತ್ತು, ಪಾಸಾಗಲು ಇಪ್ಪತ್ತೈದು.

ಆ ಫೈಲನ್ನು ಆಗಾಗ ಬಿಚ್ಚಿ ನೋಡುವ ಚಟ ನನಗಿದೆ, ನಿಮ್ಮಲ್ಲಿ ಮುಚ್ಚಿಡುವುದೇನು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಪ್ಪನವರೆಗೆ ಎಲ್ಲರೂ ಹೆಬ್ಬೆಟ್ಟು. ಹೀಗಾಗಿ ನಮ್ಮ ಯಡಿಯೂರಿನ ಮನೆಯಲ್ಲಿ ಫ್ರಿಜ್ ಕೆಟ್ಟರೂ, ಯಾರಿಗಾದರೂ ಜ್ವರ ಬಂದರೂ ನನ್ನನ್ನೇ ಕೇಳುತ್ತಿದ್ದರು. ನಾನು ಓದಿದ್ದು ಇತಿಹಾಸ. ಆದರೂ ಉತ್ತರ ಕೊಡುತ್ತಿದ್ದೆ.

ತಂಗಿ ಮಂಜುಳಾಗೆ ಬುದ್ಧಿಯ ಬೆಳವಣಿಗೆ ಕಮ್ಮಿ ಎಂದು ಅವಳ ಬಾಲ್ಯದಲ್ಲೇ ಡಾಕ್ಟರು ಬರೆದುಕೊಟ್ಟಿದ್ದರು. ಅಪ್ಪ ಅಮ್ಮ ಹೋದ ಮೇಲೆ ಅದೇ ಮನೆಯಲ್ಲಿ ನನ್ನ ಮತ್ತು ನನ್ನ ಗಂಡನ ಜೊತೆಗಿದ್ದಳು. ಜೆ.ಪಿ. ನಗರದ ತರಬೇತಿ ಕೇಂದ್ರವೊಂದರಲ್ಲಿ ಮೇಣದಬತ್ತಿ ಮಾಡುವ ಕೆಲಸ. ಮೂವತ್ತೆರಡನೇ ವಯಸ್ಸಿನಲ್ಲಿ ಒಂದು ಸಂಜೆ ಬ್ಯಾಗು ಕೆಳಗಿಡುತ್ತಲೇ, "ಅಕ್ಕ, ನಾನು ಶೇಖರ್‌ನ ಮದುವೆ ಆಗ್ತೀನಿ. ಬೇರೆ ಮನೆ ಮಾಡ್ತೀವಿ," ಎಂದಳು. ಶೇಖರ್ ವಿಲ್ಸನ್ ಗಾರ್ಡನ್‌ನವನು. ಅವಳ ಪಕ್ಕದಲ್ಲಿ ಕೂತು ಬತ್ತಿ ಕತ್ತರಿಸುವವನು. ಅವನಿಗೂ ಡಾಕ್ಟರು ಅಂಥದೇ ಚೀಟಿ ಕೊಟ್ಟಿದ್ದರು.

ಸೋದರಮಾವ ಓಡಿ ಬಂದರು. "ಸಂಸಾರ ಅಂದ್ರೆ ಅದಕ್ಕೇನಮ್ಮ ತಿಳಿಯತ್ತೆ?" ಇವರು ಉಪ್ಪಿಟ್ಟು ತಿಂದು ಮುಗಿಸುವಷ್ಟು ಹೊತ್ತು ಅತ್ತೆಯನ್ನು ನೋಡಿ ಒಪ್ಪಿದವರು, ಇವತ್ತಿಗೂ ತಮ್ಮ ಬನಿಯನ್ ಎಲ್ಲಿದೆ ಎಂದು ಅವರನ್ನೇ ಕೂಗುವವರು. ಆದರೆ ಮಾವನ ಬುದ್ಧಿಯನ್ನು ಯಾವ ಡಾಕ್ಟರೂ ಅಳೆದಿರಲಿಲ್ಲವಾದ್ದರಿಂದ ಅವರು ಸರಿಯಾಗಿದ್ದರು. "ನೀನು ಓದಿದೋಳು, ನೀನೇ ತೀರ್ಮಾನ ಮಾಡು," ಎಂದರು.

ಓದಿದವಳಿಗೆ ಗೊತ್ತಿದ್ದುದು ಒಂದೇ ದಾರಿ. ಹತ್ತು ಪ್ರಶ್ನೆ ಬರೆದೆ. ಪಾಸಾದರೆ ಮದುವೆ, ಇಲ್ಲವಾದರೆ ಇಲ್ಲ. ಭಾನುವಾರ ಮಾವನ ಎದುರಿಗೆ ಅವಳನ್ನು ಕೂರಿಸಿದೆ.

"ಗ್ಯಾಸ್ ವಾಸನೆ ಬಂದ್ರೆ ಏನ್ ಮಾಡ್ತೀಯ?"

"ರೆಗ್ಯುಲೇಟರ್ ಆಫ್ ಮಾಡ್ತೀನಿ. ಕಿಟಕಿ ತೆಗೀತೀನಿ. ಸ್ವಿಚ್ ಮುಟ್ಟಲ್ಲ."

"ಯಾಕೆ, ಸ್ವಿಚ್ ಮುಟ್ಟಿದ್ರೆ ಏನಾಗತ್ತೆ?" ಎಂದರು ಮಾವ, ನಿಜಕ್ಕೂ ಗೊತ್ತಿಲ್ಲದೆ.

ನಾನು ಮುಂದಿನ ಪ್ರಶ್ನೆಗೆ ಹೋದೆ. "ಬಸ್ ತಪ್ಪೋದ್ರೆ?"

"ಇನ್ನೊಂದು ಬರತ್ತೆ."

"ಕಷ್ಟ ಬಂದ್ರೆ ಯಾರಿಗೆ ಫೋನ್ ಮಾಡ್ತೀಯ?"

"ಶೇಖರ್‌ಗೆ."

'ಅಕ್ಕನಿಗೆ' ಎಂಬುದು ನನ್ನ ಪ್ರಕಾರ ಸರಿಯುತ್ತರ. ಐದಂಕ ಕಳೆದೆ. ಪೆನ್ನು ಸ್ವಲ್ಪ ಜೋರಾಗಿಯೇ ಗೀಚಿತು.

"ಮದುವೆ ಯಾಕೆ ಬೇಕು ನಿಂಗೆ?" ಇದು ಕೊನೆಯದು.

"ಶೇಖರ್ ಟೀ ತಂದ್ರೆ ಮೊದ್ಲು ನಂಗೆ ಕೊಡ್ತಾನೆ. ಇಲ್ಲಿ ಎಲ್ರಿಗೂ ಕೊಟ್ಟು ಆಮೇಲೆ ನಂಗೆ ಕೊಡ್ತೀರ."

ಹಾಗೆ ಕೊಡುತ್ತಿದ್ದವಳು ನಾನೇ.

"ಅಕ್ಕ, ಈ ಪರೀಕ್ಷೆ ಭಾವಂಗೂ ಮಾಡಿದ್ಯಾ?"

ಮೂಲೆಯಲ್ಲಿ ಕೂತಿದ್ದ ನನ್ನವರು ದಿನಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

ನಾನು ಕಾಲೇಜಿಗೆ ಸೇರುತ್ತೇನೆಂದ ದಿನ ಇದೇ ಮಾವ ಇದೇ ನಡುಮನೆಯಲ್ಲಿ ಕೂತು, "ಹುಡುಗೀಗೆ ಅದೆಲ್ಲ ತಲೆಗೆ ಹತ್ತತ್ತಾ?" ಎಂದಿದ್ದರು. ಮೂರು ದಿನ ಊಟ ಬಿಟ್ಟು ಸೇರಿದ್ದೆ. ಅಷ್ಟು ಕಷ್ಟಪಟ್ಟು ಓದಿ ನಾನು ತಲುಪಿದ್ದು ಅವರ ಪಕ್ಕದ ಕುರ್ಚಿಗೆ.

"ಪಾಸೋ ಫೇಲೋ?" ಎಂದರು ಮಾವ.

ನಾನು ಅಂಕ ಕೂಡಿಸಲಿಲ್ಲ. "ಛತ್ರ ನೋಡಿ ಮಾವ," ಎಂದೆ.

ಈಗ ಅವರಿಬ್ಬರೂ ಅಂಜನಾಪುರದಲ್ಲಿ ಎರಡನೇ ಮಹಡಿಯ ಪುಟ್ಟ ಮನೆಯಲ್ಲಿದ್ದಾರೆ. ಇವತ್ತು ಸಂಜೆ ಹೇಳದೆ ಕೇಳದೆ ಹೋದೆ. ಬಾಗಿಲಾಚೆಯೇ ಇಬ್ಬರ ದನಿಯೂ ಕೇಳಿಸಿತು: ಫ್ಯಾನು ಎರಡರಲ್ಲಿರಬೇಕೋ ನಾಲ್ಕರಲ್ಲೋ. ತಟ್ಟಿದೆ. ಮಂಜುಳಾ ಒಂದು ಗೇಣು ಬಾಗಿಲು ತೆರೆದಳು.

"ಏನೇ ಇದು ಗಲಾಟೆ? ಸರಿ, ನಾನು ಶೇಖರ್ ಹತ್ರ ಮಾತಾಡ್ತೀನಿ."

"ಈಗ ಬೇಡ ಅಕ್ಕ. ನಾವು ಜಗಳ ಆಡ್ತಿದ್ದೀವಿ. ನಾಳೆ ಬಾ."

ಬಾಗಿಲು ಮುಚ್ಚಿತು. ಜಗಳ ಬಿಟ್ಟಲ್ಲಿಂದ ಮುಂದುವರಿಯಿತು. ಮತ್ತೆ ತಟ್ಟಲು ಎತ್ತಿದ್ದ ಕೈಯನ್ನು ಇಳಿಸಿ, ಬಸ್‌ಸ್ಟಾಪಿನ ಕಡೆ ನಡೆದೆ.