ಚಿಕ್ಕಬೋರಮ್ಮನಿಗೂ ಕಾಣದ ಕಸ

ಬೆಸಗರಹಳ್ಳಿಯಲ್ಲಿ ಯಾರ ಕಣ್ಣಿಗೆ ಏನು ಬಿದ್ದರೂ ಮೊದಲು ಓಡುವುದು ರಸ್ತೆ ಬದಿಯ ಚಿಕ್ಕಬೋರಮ್ಮನ ಜಗುಲಿಗೆ. ಒಕ್ಕುವಾಗ ಹಾರುವ ರಾಗಿ ಹೊಟ್ಟಿನ ಸುಂಕೋ, ಕಬ್ಬಿನ ಗರಿಯ ಧೂಳೋ, ಆಯಮ್ಮ ರೆಪ್ಪೆ ಮಗುಚಿ, ಸೆರಗಿನ ತುದಿ ಒದ್ದೆ ಮಾಡಿ ತೆಗೆದರೆ ಮುಗೀತು. ಬಾಯಿ ಮಾತ್ರ ಬಲು ಜೋರು. "ಅಳ್ಬೇಡ ಕಣ್ಲಾ, ಮೀಸೆ ಬಂದದೆ ನಿಂಗೆ" ಎಂದು ಬೈಯುತ್ತಲೇ ತೆಗೆಯುವಳು. ಆಯಮ್ಮ "ಏನೂ ಇಲ್ಲ, ಓಗು" ಅಂದರೆ ಊರೇ ಒಪ್ಪುತ್ತಿತ್ತು.

ಹೋದ ವರ್ಷ ಒಕ್ಕಣೆ ಕಾಲದಲ್ಲಿ, ಜಗುಲಿಯಲ್ಲಿ ನಾಲ್ಕು ಜನ ಕೂತಿದ್ದಾಗ, ರಾಜೇಂದ್ರ ಬಂದ. ಗೆಜ್ಜಲಗೆರೆ ಕಾರ್ಖಾನೆಯೊಂದರ ವ್ಯಾನ್ ಓಡಿಸುವವನು, ಸಕ್ಕರೆ ಕಾಯಿಲೆಯವನು. ಮದ್ದೂರಿನ ಕಣ್ಣಿನ ಶಿಬಿರದಲ್ಲಿ ಅವನ ಕಣ್ಣಿನ ಒಳಗಿನ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಿದ್ದರು. ಈಗ ಚೆನ್ನಾಗಿ ಕಂಡರೂ, ಹೀಗೇ ಬಿಟ್ಟರೆ ವರ್ಷದೊಳಗೆ ನೋಟ ಕೆಡುವ ಸಂಭವ ಹೆಚ್ಚು, ಮಂಡ್ಯದ ಆಸ್ಪತ್ರೆಗೆ ಬನ್ನಿ ಎಂದಿದ್ದರು ಅಲ್ಲಿನ ಡಾಕ್ಟರ್ ಅರ್ಪಿತ.

"ಅಲ್ಲ ದೊಡ್ಡವ್ವ, ಅಷ್ಟು ದೂರದ ಬಸ್ಸಿನ ಬೋರ್ಡು ಓದ್ತೀನಿ. ಕಣ್ಣು ಕೆಡ್ತದೆ ಅಂತ ಕಾರ್ಖಾನೇಲಿ ಗೊತ್ತಾದ್ರೆ ಸ್ಟೇರಿಂಗ್ ಮುಟ್ಟುಸ್ತಾರಾ? ನೀನೇ ಒಂದ್ಸಲ ನೋಡ್ಬುಡು. ಏನೂ ಇಲ್ಲ ಅಂದ್ರೆ ನಾನು ಓಗಕಿಲ್ಲ."

ಚಿಕ್ಕಬೋರಮ್ಮ ಅವನನ್ನು ಬೆಳಕಿಗೆ ತಿರುಗಿಸಿ, ರೆಪ್ಪೆ ಮಗುಚಿ, ನೋಡಿಯೇ ನೋಡಿದಳು. ಒಂದು ಚೂರು ಕೆಂಪಿಲ್ಲ, ನೀರಿಲ್ಲ. "ಏನೂ ಇಲ್ಲ" ಎಂಬ ಮಾತು ನಾಲಿಗೆ ತುದಿಗೇ ಬಂದಿತ್ತು. ಅಷ್ಟರಲ್ಲಿ ಅವಳಿಗೆ ಹೊಳೆಯಿತು: ತನ್ನ ಈ ಒಂದು ಮಾತು ನಂಬಿಕೊಂಡು ಇವನು ಮನೆಯಲ್ಲೇ ಕೂರುತ್ತಾನಲ್ಲ!

"ನಂಗೇನೂ ಕಾಣಕಿಲ್ಲ ಕಣ್ಲಾ" ಅಂದಳು. ರಾಜೇಂದ್ರನ ಮುಖ ಅರಳಿತು. "ತಡಿ, ಅಲ್ಲು ಕಿರೀಬೇಡ. ನಾನು ನೋಡಾದು ಕಣ್ಣ ಮೇಲೆ. ಅವ್ರು ನೋಡಿರಾದು ಒಳಗೆ. ನಂಗೆ ಕಾಣ್ದೆ ಇರಾದನ್ನ ಇಲ್ಲ ಅನ್ನಕ್ಕೆ ನಾನ್ಯಾವಳು? ನಡಿ, ನಾನೂ ಬತ್ತೀನಿ."

ಇಷ್ಟು ವರ್ಷ ಊರಿನ ಕಣ್ಣು ಕಾಯ್ದವಳು, ನಾಲ್ಕು ಜನರೆದುರು ತನಗೆ ತಿಳಿಯದು ಎಂದು ಒಪ್ಪುವುದೆಂದರೆ ಸುಮ್ಮನೆ ಮಾತೇ? ನಮ್ಮಲ್ಲಿ ಎಷ್ಟು ಗಂಡಸರಿಗಿದೆ ಆ ಎದೆಗಾರಿಕೆ, ಹೇಳಿ! ಮಂಡ್ಯದ ಬಸ್ಸು ಹತ್ತಿಸಿಕೊಂಡು ಹೋಗಿ, ಅವನ ಕಣ್ಣಿಗೆ ಲೇಸರ್ ಚಿಕಿತ್ಸೆ ಮಾಡುವ ಕೋಣೆಯ ಬಾಗಿಲಲ್ಲೇ ಕೂತಳು. ಆಮೇಲೆ ಪರೀಕ್ಷೆಗೆ ಕರೆದಾಗಲೆಲ್ಲ ಅವನು ಗೊಣಗುತ್ತಲೇ ಹೋದ. ಹೋಗದಿದ್ದರೆ ಆಯಮ್ಮ ಮನೆ ಮುಂದೆ ಬಂದು ಮಾನ ಕಳೆಯುತ್ತಿದ್ದಳು.

ಈ ವರ್ಷ ಮತ್ತೆ ಒಕ್ಕಣೆ. ಡಾಕ್ಟರು ಹೇಳಿದ್ದ ವರ್ಷ ತುಂಬಿತ್ತು. ರಾಜೇಂದ್ರ ಒಂದು ಕಣ್ಣು ಮುಚ್ಚಿಕೊಂಡು ಓಡಿ ಬಂದ. ಚಿಕ್ಕಬೋರಮ್ಮ ಜಗುಲಿಯಿಂದ ಧಡಕ್ಕನೆ ಎದ್ದಳು.

"ಏನ್ಲಾ ಆಯ್ತು? ಕಾಣಕಿಲ್ವಾ?"

"ಸುಂಕು ಬಿತ್ತು ದೊಡ್ಡವ್ವ!"

"ಅಯ್ಯೋ ನಿನ್ನ ಮನೆ ಕಾಯ್ವಾಗ! ಇದು ನನ್ ಕೆಲ್ಸ, ಕೂತ್ಕೊ."

ಒದ್ದೆ ಮಾಡಿದ ಸೆರಗಿನ ತುದಿಗೆ ಸುಂಕು ಅಂಟಿಕೊಂಡು ಹೊರಗೆ ಬಂತು. ಬಿಡಲಿಲ್ಲ ಆಯಮ್ಮ, ಅವನ ಗಲ್ಲ ಹಿಡಿದು ರಸ್ತೆಗೆ ತಿರುಗಿಸಿದಳು. "ಆ ಬಸ್ಸಿನ ಬೋರ್ಡು ಓದು."

"ಮಳವಳ್ಳಿ."

ಓದು ಬಾರದ ಚಿಕ್ಕಬೋರಮ್ಮ ಜಗುಲಿಯಲ್ಲಿ ಪಕ್ಕ ಕೂತಿದ್ದವರನ್ನು ಕೇಳಿದಳು: "ಸರಿಯಾಗಿ ಓದಿದ್ನಾ?" ಅವರು ಹೌದೆಂದ ಮೇಲೆಯೇ ಆ ಒದ್ದೆ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು.