ಅನುಮಾನದ ಬುಟ್ಟಿ

ಈಗ ತಾನೇ ಒಂದು ತೆಂಗಿನಕಾಯಿ ಕಿವಿಗೆ ಹಿಡಿದು ತಟ್ಟಿದೆ ನೋಡಿ, ತೊಡೆ ಮೇಲಿದ್ದ ಮೊಮ್ಮಗಳು ಬೊಚ್ಚುಬಾಯಿ ಬಿಟ್ಟು ನಕ್ಕಳು. ಏಳು ತಿಂಗಳ ಕೂಸು. ಮತ್ತೆ ತಟ್ಟಿದೆ, ಮತ್ತೆ ನಕ್ಕಳು. ಅಡುಗೆಮನೆಯಲ್ಲಿ ಮಗಳು ಚಟ್ನಿ ರುಬ್ಬಬೇಕು ಅಂತ ನಿಂತಿದ್ದಾಳೆ. ನಿಂತಿರಲಿ ಬಿಡಿ.

ನಾನು ಓದಿದ್ದು ಮೂರನೇ ಕ್ಲಾಸು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನನ್ನ ಕಿವಿಗೇ ಸಂಬಳ. ಕಾಯಿ ಅಲ್ಲಾಡಿಸಿ, ತಟ್ಟಿ, ಶಬ್ದದಲ್ಲಿ ಅನುಮಾನ ಬಂದದ್ದನ್ನು ಪಕ್ಕದ ಬುಟ್ಟಿಗೆ ಹಾಕಬೇಕು. ಕೆಟ್ಟದ್ದೊಂದೂ ನನ್ನ ಕೈ ದಾಟಿ ಹೋಗಲಿಲ್ಲ ಅಂತ ಇವತ್ತಿಗೂ ಜಂಬ. ಮಗಳು ಬಸುರಿ ಅಂತ ಆ ಜಂಬದ ಸಮೇತ ವಿಶಾಖಪಟ್ಟಣದ ಅವಳ ಮನೆಗೆ ಬಂದೆ. ಅಳಿಯಂದಿರಿಗೆ ವಿಜಯವಾಡದ ಬ್ಯಾಂಕಿನಲ್ಲಿ ಕೆಲಸ, ಶನಿವಾರ ಶನಿವಾರ ರೈಲಿಗೆ ಬರುವವರು. ವಾರವೆಲ್ಲ ನಾವಿಬ್ಬರೇ.

ನಾಲ್ಕನೇ ತಿಂಗಳಲ್ಲಿ ರಕ್ತಪರೀಕ್ಷೆಯ ರಿಪೋರ್ಟು ಬಂತು. ಮಗುವಿಗೆ ಹುಟ್ಟುತ್ತಲೇ ತೊಂದರೆ ಇರುವ ಸಂಭವ ಹೆಚ್ಚು ಅಂತ ಕೆಂಪಕ್ಷರ.

"ತೊಂದರೆ ಇರೋ ಮಕ್ಕಳನ್ನ ಈ ಪರೀಕ್ಷೆ ಹೆಚ್ಚುಕಮ್ಮಿ ಬಿಡೋದೇ ಇಲ್ವಂತೆ ಅಪ್ಪ. ನಮ್ಮದನ್ನೂ ಹಿಡಿದಿದೆ" ಅಂದಳು ಮಗಳು.

"ಹಿಡಿದಿದ್ರೆ ಮುಗೀತಲ್ಲಮ್ಮ" ಅಂದುಬಿಟ್ಟೆ. ಎಂಥ ಬಾಯಿ ನನ್ನದು!

ಮಾರನೇ ಬೆಳಿಗ್ಗೆ ಚಟ್ನಿಗೆ ತಂದ ಕಾಯಿ ತಟ್ಟಿ, ಕೆಟ್ಟಿದೆ ಅಂತ ಪಕ್ಕಕ್ಕಿಟ್ಟೆ. ಅವಳಿಗೆ ಎಲ್ಲಿತ್ತೋ ಸಿಟ್ಟು, ಎತ್ತಿ ಕಲ್ಲಿಗೆ ಬಡಿದಳು. ಒಳಗೆ ಹಾಲಿನಂಥ ಬಿಳುಪು.

"ನಿನ್ನ ಕಿವಿ ಹೇಳಿದ್ದೆಲ್ಲ ವೇದವಾಕ್ಯ ಅಲ್ವಾ?"

"ಎತ್ತಿಟ್ಟಿದ್ದೆಲ್ಲ ಕೆಟ್ಟಿರಲ್ಲ ಕಣೇ" ಅಂದೆ, ಮುಖ ಉಳಿಸಿಕೊಳ್ಳಲು. "ರಾಶೀಲಿ ಕೆಟ್ಟಿದ್ದು ಇರೋದೇ ಅಪರೂಪ. ಅದೊಂದೂ ತಪ್ಪಬಾರದು ಅಂತ ಎಷ್ಟೋ ಒಳ್ಳೇವನ್ನೂ ಬುಟ್ಟಿಗೆ ಹಾಕ್ತಿದ್ದೆ. ಒಡೆದು ನೋಡಿದ್ರೆ ಬುಟ್ಟಿಗೆ ಮೂರೋ ನಾಲ್ಕೋ ಕೆಟ್ಟವು."

ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ಕಪಾಟಿನ ಮೇಲಿದ್ದ ಆ ರಿಪೋರ್ಟಿನ ಕಡೆ ಹೋಯಿತು. ಅವಳೂ ಅತ್ತಲೇ ನೋಡಿದಳು.

ಆಸ್ಪತ್ರೆಯಲ್ಲಿ ನನ್ನ ಹರಕು ತೆಲುಗಿನಲ್ಲಿ ಡಾಕ್ಟರಮ್ಮನನ್ನು ಕೇಳಿದೆ: ಹೀಗೆ ಕೆಂಪಕ್ಷರ ಬಂದವರಲ್ಲಿ ಕೊನೆಗೆ ನಿಜವಾಗಿ ತೊಂದರೆ ಇರುವುದು ಎಷ್ಟು ಜನಕ್ಕೆ?

"ಕೊಂದರಿಕೇ ತಾತಗಾರು, ಕೆಲವರಿಗೆ ಮಾತ್ರ" ಅಂದರು. "ಆ ಕೆಲವರು ಯಾರು ಅಂತ ಈ ಕಾಗದಕ್ಕೆ ಗೊತ್ತಿಲ್ಲ. ಇನ್ನೊಂದು ಪರೀಕ್ಷೆ ಬೇಕು."

ಮಗಳು ಒಪ್ಪಿದಳು. ಹೊಟ್ಟೆಗೆ ಸೂಜಿ ಹಾಕಿ ಕೂಸಿನ ಸುತ್ತಲ ನೀರು ತೆಗೆದರು. ಉತ್ತರ ಬರುವವರೆಗೆ ನಾನು ಸಿಂಹಾಚಲಂ ದೇವಸ್ಥಾನದ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಕೆಲವರು ಅಂದರೆ ಯಾರೂ ಇಲ್ಲ ಅಂತಲ್ಲವಲ್ಲ! ಆ ಕೆಲವರಲ್ಲಿ ನಾವೇ ಇದ್ದರೆ? ಕೆಟ್ಟ ಕಾಯಿಯನ್ನು ಎಸೆದು ರೂಢಿ ಈ ಕೈಗೆ. ಕೂಸು ಹೇಗೇ ಬರಲಿ, ಎತ್ತಿಕೊಳ್ಳಬೇಕಾದದ್ದೂ ಇದೇ ಕೈ ಅಂತ ಅಲ್ಲೇ ಕೂತು ಮನಸ್ಸಿಗೆ ಹೇಳಿಕೊಂಡೆ.

ತೊಂದರೆ ಇಲ್ಲ ಅಂತ ಉತ್ತರ ಬಂತು. ನಾನು ಹೇಗೆ ಅತ್ತೆ ಅಂತ ಬೀದಿಯವರನ್ನೇ ಕೇಳಿ.

"ಕಾಯಿ ಹೇಗಿದೆ ಅಪ್ಪ?" ಒಳಗಿಂದ ಮಗಳು ಕೂಗುತ್ತಿದ್ದಾಳೆ.

ಶಬ್ದ ಯಾಕೋ ಸರಿಯಿಲ್ಲ. ಮುಂಚೆ ಆಗಿದ್ದರೆ ಕೆಟ್ಟಿದೆ ಅಂದುಬಿಡುತ್ತಿದ್ದೆ.

"ಅನುಮಾನ ಇದೆ ಕಣಮ್ಮ, ಒಡೆದು ನೋಡೋಣ" ಅಂದೆ. ಆದರೆ ಒಡೆಯುವುದು ಹೇಗೆ? ಮೊಮ್ಮಗಳು ಎರಡು ಕೈಯಲ್ಲೂ ಅದನ್ನು ತಬ್ಬಿಕೊಂಡಿದ್ದಾಳೆ.