ಒಪ್ಪದ ತ್ಯಾಗಕ್ಕೆ ಸ್ತೋತ್ರ

ದೇವರಿಗೆ ಸುದ್ದಿ ಹೇಳುವ ನೆಪದಲ್ಲಿ ಮನುಷ್ಯರ ಬಾಯಿ ಮುಚ್ಚಿಸುವ ಪ್ರಾರ್ಥನೆಯೊಂದಿದೆ. ಅದನ್ನು ನಾನು ಕೇಳಿದ್ದು ಹಾನಗಲ್ಲಿನಲ್ಲಿ, ಕೆಲಸದ ನಿಮಿತ್ತ ಬಾಡಿಗೆಗಿದ್ದ ಮನೆಯ ಪಡಸಾಲೆಯಲ್ಲಿ. ಮನೆಯವರು ಕ್ರೈಸ್ತರು. ಕಿರಿಯ ಮಗನ ಕಿಡ್ನಿ ಕೆಟ್ಟಿತ್ತು. ಗಟ್ಟಿಮುಟ್ಟಾದ ಇಬ್ಬರು ಅಣ್ಣಂದಿರಿದ್ದರೂ ಎಲ್ಲರ ಕಣ್ಣು ಮದುವೆಯಾಗದ ಅಕ್ಕ ಸಲೋಮಿಯ ಮೇಲಿತ್ತು.

ಪ್ರಾರ್ಥನಾ ಕೂಟಕ್ಕೆ ಬಂದ ಪಾಸ್ಟರು, ಕ್ರಿಸ್ತನ ಪ್ರೀತಿಯೆಂದರೆ ತನ್ನನ್ನೇ ಕೊಟ್ಟುಕೊಳ್ಳುವುದು ಎಂದು ವಿವರಿಸಿದರು. ನನ್ನ ಆಕ್ಷೇಪವೇನಿರಲಿಲ್ಲ. ಆಮೇಲೆ ಎಲ್ಲರ ಕಣ್ಣು ಮುಚ್ಚಿಸಿ ಶುರುಮಾಡಿದರು: "ಕರ್ತನೇ, ನಮ್ಮ ಸಹೋದರಿ ತಮ್ಮನಿಗೆ ಕಿಡ್ನಿ ಕೊಡಲು ಮನಸ್ಸು ಮಾಡಿದ್ದಕ್ಕಾಗಿ ನಿನಗೆ ಸ್ತೋತ್ರ."

ಆಕೆ ಯಾರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ. ದೇವರನ್ನು ನಂಬದ ನಾನು ಕಣ್ಣು ಮುಚ್ಚಿರಲಿಲ್ಲ. ನೋಡಿದರೆ, ಸಲೋಮಿಯೂ ಮುಚ್ಚಿರಲಿಲ್ಲ.

"ನಿಂದರ್ರಿ ಪಾಸ್ಟರ," ಎಂದಳು. "ನಾ ಯಾವಾಗ ಹೂಂ ಅಂದೇನ್ರಿ?"

"ಪ್ರಾರ್ಥನಿ ನಡದೈತಿ, ನಡುವ ಮಾತಾಡಬಾರದವಾ. ಯೇಸುಸ್ವಾಮಿ ನಮ್ಮ ಸಲುವಾಗಿ ಜೀವಾನ ಕೊಟ್ಟಾನ."

"ತಾನಾಗೇ ಕೊಟ್ಟಾನ್ರಿ. ಅವನ ಬದ್ಲಿ ಮತ್ತೊಬ್ಬರು ಹೂಂ ಅಂದಿಲ್ಲ. ನಾ ಕೊಡೋದಿದ್ರ ನಮ್ಮ ತಮ್ಮಗ ನಾನ ಹೇಳ್ತೇನಿ. ದೇವರ ಮುಂದ ನನ್ನ ಹೆಸರಲೆ ಸುಳ್ಳು ಹೇಳಬ್ಯಾಡ್ರಿ. ನಮ್ಮ ಅಣ್ಣಗೋಳು ಇಲ್ಲೇ ಕುಂತಾರಲ್ಲ, ಅವರನ್ನೂ ಒಂದ್ ಮಾತು ಕೇಳ್ರಿ."

ಪ್ರಾರ್ಥನೆ ಆಮೆನ್ ಇಲ್ಲದೆ ನಿಂತುಹೋಯಿತು. ಎಲ್ಲರೂ ಕಣ್ಣು ತೆರೆದು ಅಣ್ಣಂದಿರತ್ತ ತಿರುಗಿದರು. ಅವರಿಬ್ಬರು ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದರು. ಅಷ್ಟು ಗಾಢವಾದ ಭಕ್ತಿಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.